ಹಾಡು, ಭಾಷಣ, ಸಾಕ್ಷ್ಯ: ಜೆಲ್ಲೋ ಬಿಯಾಫ್ರನ ಸಾರ್ವಜನಿಕ ಜೀವನದ ಒಂದು ವಿವೇಚನೆ

೧

ಇತಿಹಾಸದ ಆಧಾರಗಳನ್ನು ಕುರಿತು ಪಾಠ ಹೇಳುವಾಗ ಶಾಸನ, ನಾಣ್ಯ, ದಫ್ತರ, ದಿನಚರಿ, ಪ್ರವಾಸಕಥನ ಇವುಗಳ ತಾರತಮ್ಯವನ್ನು ನಾವು ವಿದ್ಯಾರ್ಥಿಗಳ ಮುಂದಿಡುವುದು ವಾಡಿಕೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧವನ್ನು ಅಭ್ಯಾಸಮಾಡುವವನಿಗೆ ಇವುಗಳ ಜೊತೆಗೆ ಇನ್ನೊಂದು ಬಗೆಯ ಆಧಾರ ಒದಗುತ್ತದೆ. ಅದು ಮುದ್ರಿತವಾದ ಮನುಷ್ಯಧ್ವನಿ. ಹಾಡಿನ ತಟ್ಟೆ, ಭಾಷಣದ ಧ್ವನಿಮುದ್ರಿಕೆ, ಸಾಕ್ಷ್ಯಚಿತ್ರ ಇವೆಲ್ಲವೂ ಈ ವರ್ಗಕ್ಕೆ ಸೇರತಕ್ಕವು. ಇವುಗಳನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು, ಹೇಗೆ ಪರೀಕ್ಷಿಸಬೇಕು ಎಂಬ ಪ್ರಶ್ನೆಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ದೊರೆಯುವ ಉತ್ತರ ಸಾಲದು.

ಈ ಪ್ರಶ್ನೆಯನ್ನು ಬರಿಯ ಸಿದ್ಧಾಂತವಾಗಿ ಚರ್ಚಿಸುವುದಕ್ಕಿಂತ ಒಬ್ಬ ವ್ಯಕ್ತಿಯ ಜೀವನವನ್ನು ಉದಾಹರಣೆಯಾಗಿ ತೆಗೆದುಕೊಂಡು ನೋಡುವುದು ಹೆಚ್ಚು ಪ್ರಯೋಜನಕರವೆಂದು ಭಾವಿಸಿ, ಅಮೆರಿಕದ ಪಂಕ್ ಗಾಯಕ ಜೆಲ್ಲೋ ಬಿಯಾಫ್ರನನ್ನು ಪ್ರಕೃತ ಲೇಖನದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಈತ ಮೊದಲು ಗಾಯಕ, ಅನಂತರ ಸಾರ್ವಜನಿಕ ಭಾಷಣಕಾರ, ಇವೆರಡರ ಜೊತೆಗೆ ಇತರರ ಹಾಡನ್ನೂ ಭಾಷಣವನ್ನೂ ಮುದ್ರಿಸಿ ಲೋಕಕ್ಕೆ ತಲುಪಿಸಿದ ಪ್ರಕಾಶಕ. ಈ ಮೂರು ವೃತ್ತಿಗಳು ಒಬ್ಬನಲ್ಲಿ ಕೂಡಿದ್ದು ಆಕಸ್ಮಿಕವಲ್ಲ. ಒಂದು ವೃತ್ತಿಯು ಇನ್ನೊಂದಕ್ಕೆ ದಾರಿಮಾಡಿದ ಬಗೆಯನ್ನು ಮುಂದೆ ತೋರಿಸಲು ಯತ್ನಿಸುತ್ತೇನೆ.

೨

ಬಿಯಾಫ್ರನ ನಿಜವಾದ ಹೆಸರು ಎರಿಕ್ ರೀಡ್ ಬೌಚರ್. ಹುಟ್ಟಿದ್ದು 1958ರ ಜೂನ್ 17ರಂದು, ಕೊಲರಾಡೊ ಸಂಸ್ಥಾನದ ಬೋಲ್ಡರ್ ಪಟ್ಟಣದಲ್ಲಿ. ಆತನು ಧರಿಸಿದ ಹೆಸರೇ ಒಂದು ಚಾರಿತ್ರಿಕ ಟಿಪ್ಪಣಿಯಂತಿದೆ. ‘ಜೆಲ್ಲೋ’ ಎಂಬುದು ಅಮೆರಿಕದ ಮನೆಮನೆಯಲ್ಲಿಯೂ ಮಕ್ಕಳಿಗೆ ಕೊಡುವ, ಬಣ್ಣ ಕಟ್ಟಿದ ಸಿಹಿ ತಿನಿಸಿನ ಹೆಸರು. ಬಿಯಾಫ್ರ ಎಂಬುದು 1967ರಲ್ಲಿ ನೈಜೀರಿಯದಿಂದ ಬೇರೆಯಾಗಿ, ಮೂರು ವರ್ಷಗಳ ಅಂತರ್ಯುದ್ಧದಲ್ಲಿಯೂ ದಿಗ್ಬಂಧನದಿಂದುಂಟಾದ ಕ್ಷಾಮದಲ್ಲಿಯೂ ನಲುಗಿ, 1970ರ ಜನವರಿಯಲ್ಲಿ ಶರಣಾಗತವಾದ ರಾಜ್ಯ. ಹಸಿವಿನಿಂದ ಬತ್ತಿಹೋದ ಬಿಯಾಫ್ರದ ಮಕ್ಕಳ ಚಿತ್ರಗಳನ್ನು ಆ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಪತ್ರಿಕೆಗಳೂ ದೂರದರ್ಶನವೂ ಪದೇ ಪದೇ ತೋರಿಸಿದವು. ಒಂದು ದೇಶದ ಸಮೃದ್ಧಿಯನ್ನೂ ಇನ್ನೊಂದರ ಹಸಿವನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುವವನನ್ನು ಮುಜುಗರಕ್ಕೀಡುಮಾಡುವ ಈ ರೀತಿಯೇ ಮುಂದೆ ಆತನ ಹಾಡುಗಳ ರೀತಿಯೂ ಆಯಿತು.

ಪಂಕ್ ಸಂಗೀತವು 1974ರಿಂದ 1976ರವರೆಗಿನ ಅವಧಿಯಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ರೂಪುಗೊಂಡಿತು. ಮೂರು ನಾಲ್ಕು ಸ್ವರಮೇಳಗಳು, ಅತಿಯಾದ ವೇಗ, ಎರಡು ಮೂರು ನಿಮಿಷಗಳಲ್ಲಿ ಮುಗಿಯುವ ಹಾಡು, ಒರಟು ಕಂಠ ಇವು ಇದರ ಬಾಹ್ಯಲಕ್ಷಣಗಳು. ಸಂಗೀತದ ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಯುವಕರು ತಾವೇ ವಾದ್ಯ ನುಡಿಸಿ, ತಾವೇ ಮುದ್ರಿಸಿ, ತಾವೇ ಮಾರಬಹುದೆಂಬ ನಂಬಿಕೆ ಇದರ ಒಳತಿರುಳು. ಈ ಚಳವಳಿಯು ತನ್ನ ದಾಖಲೆಯನ್ನು ಪ್ರಾರಂಭದಿಂದಲೇ ತಾನೇ ಮಾಡಿಕೊಂಡಿತೆಂಬುದನ್ನು ಗಮನಿಸಬೇಕು. ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ತಟ್ಟೆಗಳನ್ನು ನುಡಿಸುತ್ತಿದ್ದ ಡಾನ್ ಲೆಟ್ಸನು 1977ರಲ್ಲಿ ಒಂದು ಚಿಕ್ಕ ಕ್ಯಾಮರಾದಿಂದ ತೆಗೆದ ಚಿತ್ರಗಳು ಮರುವರ್ಷವೇ ಸಾಕ್ಷ್ಯಚಿತ್ರವಾಗಿ ಹೊರಬಂದವು. ಲಾಸ್ ಏಂಜಲೀಸಿನ ಪಂಕ್ ತಂಡಗಳನ್ನು ಕುರಿತು ಪೆನೆಲೋಪಿ ಸ್ಫೀರಿಸಳು ತೆಗೆದ ಸಾಕ್ಷ್ಯಚಿತ್ರವು 1981ರಲ್ಲಿ ಬಂದಿತು. ಹೀಗೆ ನಟನೂ ಪ್ರೇಕ್ಷಕನೂ ಚರಿತ್ರಕಾರನೂ ಒಂದೇ ಗುಂಪಿನೊಳಗೆ ಇದ್ದರು.

ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಈಸ್ಟ್ ಬೇ ರೇ ಎಂಬ ಗಿಟಾರು ವಾದಕನು ಕೊಟ್ಟ ಜಾಹೀರಾತನ್ನು ನೋಡಿ ಬಂದವರಿಂದ 1978ರಲ್ಲಿ ‘ಡೆಡ್ ಕೆನೆಡೀಸ್’ ತಂಡವು ಹುಟ್ಟಿತು. ಬಿಯಾಫ್ರನು ಅದರ ಗಾಯಕನಾದನು. ಅದೇ ವರ್ಷದ ಜುಲೈ ತಿಂಗಳಲ್ಲಿ ‘ಮಬುಹಾಯ್ ಗಾರ್ಡನ್ಸ್’ ಎಂಬ ಫಿಲಿಪಿನೋ ಭೋಜನಶಾಲೆಯಲ್ಲಿ ತಂಡದ ಪ್ರಥಮ ಪ್ರದರ್ಶನವು ನಡೆಯಿತು. ಹತರಾದ ಕೆನೆಡಿ ಸಹೋದರರ ಹೆಸರನ್ನು ಹೀಗೆ ಬಳಸಿದ್ದು ಅನೇಕರಿಗೆ ಅಸಹ್ಯವೆನಿಸಿತು. 1979ರಲ್ಲಿ ತಮ್ಮ ಮೊದಲನೆಯ ತಟ್ಟೆಯನ್ನು ಹೊರತರುವುದಕ್ಕಾಗಿ ‘ಆಲ್ಟರ್ನೇಟಿವ್ ಟೆಂಟಕಲ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ತಟ್ಟೆಯ ಹಾಡು ಕ್ಯಾಲಿಫೋರ್ನಿಯದ ಅಂದಿನ ರಾಜ್ಯಪಾಲ ಜೆರ್ರಿ ಬ್ರೌನನನ್ನು ಸರ್ವಾಧಿಕಾರಿಯಾಗಿ ಚಿತ್ರಿಸುವ ವಿಡಂಬನೆ. ಬ್ರೌನನು ಉದಾರಪಕ್ಷದವನೆಂಬುದನ್ನು ಇಲ್ಲಿ ಮರೆಯಬಾರದು. 1981ರಲ್ಲಿ ಇದೇ ಹಾಡು ಹೊಸ ಮಾತುಗಳನ್ನು ತೊಟ್ಟು ಅಧ್ಯಕ್ಷ ರೇಗನ್ನನ ಮೇಲೆ ತಿರುಗಿತು. ವಿಡಂಬನೆಯು ಪಕ್ಷವನ್ನು ನೋಡದೆ ಅಧಿಕಾರವನ್ನು ನೋಡಿ ಎರಗಿತೆಂಬುದಕ್ಕೆ ಇದು ನಿದರ್ಶನ.

೩

1978ರ ನವೆಂಬರು ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಘೋರವಾದ ತಿಂಗಳು. ಆ ನಗರದಲ್ಲಿ ನೆಲೆಯೂರಿ ಗಯಾನಾಕ್ಕೆ ವಲಸೆಹೋಗಿದ್ದ ‘ಪೀಪಲ್ಸ್ ಟೆಂಪಲ್’ ಪಂಥದ ಒಂಬೈನೂರಕ್ಕೂ ಹೆಚ್ಚು ಜನರು 18ರಂದು ಅಸುನೀಗಿದರು. 27ರಂದು ಮೇಯರ್ ಜಾರ್ಜ್ ಮಾಸ್ಕೋನೆ ಮತ್ತು ನಗರಸಭೆಯ ಸದಸ್ಯ ಹಾರ್ವೆ ಮಿಲ್ಕ್ ಇವರನ್ನು ಮಾಜಿ ಸದಸ್ಯ ಡ್ಯಾನ್ ವೈಟನು ಪುರಭವನದಲ್ಲಿಯೇ ಗುಂಡಿಟ್ಟು ಕೊಂದನು. 1979ರ ಮೇ 21ರಂದು ಜ್ಯೂರಿಯು ವೈಟನನ್ನು ಕೊಲೆಯ ಅಪರಾಧಕ್ಕಲ್ಲದೆ ಅದಕ್ಕಿಂತ ಕಿರಿದಾದ ನರಹತ್ಯೆಯ ಅಪರಾಧಕ್ಕೆ ಮಾತ್ರ ಗುರಿಮಾಡಿದಾಗ ನಗರದಲ್ಲಿ ದೊಂಬಿಯೆದ್ದಿತು.

ಈ ಹಿನ್ನೆಲೆಯಲ್ಲಿ, ಅದೇ ವರ್ಷದ ನವೆಂಬರಿನಲ್ಲಿ ನಡೆದ ಮೇಯರ್ ಚುನಾವಣೆಗೆ ಇಪ್ಪತ್ತೊಂದು ವರ್ಷದ ಬಿಯಾಫ್ರನು ಅಭ್ಯರ್ಥಿಯಾಗಿ ನಿಂತನು. ವ್ಯಾಪಾರಗಾರರು ನಗರದ ಎಲ್ಲೆಯೊಳಗೆ ವಿದೂಷಕರ ಉಡುಪನ್ನು ಧರಿಸತಕ್ಕದ್ದು ಎಂಬುದು ಆತನ ಘೋಷಣೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು. ಪತ್ರಿಕೆಗಳು ಇದನ್ನೇ ಎತ್ತಿ ಆಡಿದವು. ಆದರೆ ಅದೇ ಪಟ್ಟಿಯಲ್ಲಿ ಪೋಲೀಸಿನವರನ್ನು ಅವರು ಗಸ್ತು ತಿರುಗುವ ಬಡಾವಣೆಯ ಜನರೇ ಚುನಾಯಿಸಬೇಕು, ತೆರಿಗೆ ಕೊಡದೆ ಪಾಳುಬಿಟ್ಟ ಕಟ್ಟಡಗಳಲ್ಲಿ ಮನೆಯಿಲ್ಲದವರು ವಾಸಿಸುವುದನ್ನು ಕಾನೂನು ಒಪ್ಪಬೇಕು ಎಂಬ ಸೂಚನೆಗಳೂ ಇದ್ದವು. ನಗೆಯ ಮಾತನ್ನೂ ಗಂಭೀರವಾದ ಮಾತನ್ನೂ ಬೇಕೆಂದೇ ಬೆರೆಸಿ, ಎರಡರ ನಡುವಣ ಗೆರೆಯನ್ನು ಮತದಾರನೇ ಎಳೆದುಕೊಳ್ಳುವಂತೆ ಬಿಟ್ಟಿದ್ದನು. ಆತನಿಗೆ ಬಿದ್ದ ಮತಗಳು 6,591. ಚಲಾಯಿತವಾದ ಮತಗಳಲ್ಲಿ ನೂರಕ್ಕೆ ಸುಮಾರು 3.8. ಯಾವ ಅಭ್ಯರ್ಥಿಗೂ ಬಹುಮತ ಬಾರದೆ, ಡಿಸೆಂಬರಿನಲ್ಲಿ ನಡೆದ ಎರಡನೆಯ ಸುತ್ತಿನಲ್ಲಿ ಡಯಾನ್ ಫೈನ್‌ಸ್ಟೀನಳು ಕ್ವೆಂಟಿನ್ ಕಾಪನನ್ನು ಸೋಲಿಸಿದಳು.

ಈ ಪ್ರಸಂಗವನ್ನು ಬರಿಯ ಚೇಷ್ಟೆಯೆಂದು ತಳ್ಳಿಹಾಕಿದರೆ ಆರೂವರೆ ಸಾವಿರ ಮತಗಳ ಅರ್ಥವನ್ನು ನಾವು ಕಳೆದುಕೊಳ್ಳುತ್ತೇವೆ. ಒಂದೇ ವರ್ಷದಲ್ಲಿ ತನ್ನ ಮೇಯರನನ್ನೂ ನ್ಯಾಯಾಲಯದ ಮೇಲಣ ನಂಬಿಕೆಯನ್ನೂ ಕಳೆದುಕೊಂಡ ನಗರದಲ್ಲಿ, ವಿದೂಷಕನಿಗೆ ಮತ ಹಾಕುವುದೂ ಒಂದು ಬಗೆಯ ಅರ್ಜಿಯೇ ಆಗಿತ್ತು. ಗಾಯಕನ ದೃಷ್ಟಿಯಿಂದಲಾದರೋ, ಹಾಡಿನ ಮಿತಿಯನ್ನು ದಾಟಿ ಮಾತಿನ ವೇದಿಕೆಗೆ ಆತನು ಇಟ್ಟ ಮೊದಲ ಹೆಜ್ಜೆ ಇದು.

೪

ಎರಡನೆಯ ಹೆಜ್ಜೆಯನ್ನು ಆತನು ತಾನಾಗಿ ಇಡಲಿಲ್ಲ, ಸರ್ಕಾರವು ಇಡಿಸಿತು. 1985ರಲ್ಲಿ ವಾಷಿಂಗ್ಟನ್ನಿನ ಪ್ರಮುಖ ರಾಜಕಾರಣಿಗಳ ಪತ್ನಿಯರು, ಅವರಲ್ಲಿ ಟಿಪ್ಪರ್ ಗೋರ್ ಮುಖ್ಯಳು, ಯುವಜನರ ಸಂಗೀತದಲ್ಲಿನ ಅಶ್ಲೀಲತೆಯನ್ನೂ ಹಿಂಸೆಯನ್ನೂ ಎದುರಿಸುವುದಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಅದೇ ವರ್ಷದ ಸೆಪ್ಟೆಂಬರ್ 19ರಂದು ಸೆನೆಟ್ಟಿನ ಸಮಿತಿಯು ನಡೆಸಿದ ವಿಚಾರಣೆಯಲ್ಲಿ ಫ್ರಾಂಕ್ ಜಪ್ಪ, ಜಾನ್ ಡೆನ್ವರ್, ಡೀ ಸ್ನೈಡರ್ ಈ ಮೂವರು ಸಂಗೀತಗಾರರು ಸಾಕ್ಷ್ಯ ನುಡಿದರು. ಧ್ವನಿಮುದ್ರಿಕೆಗಳ ಮೇಲೆ ತಂದೆತಾಯಿಗಳಿಗೆ ಎಚ್ಚರಿಕೆಯ ಚೀಟಿಯನ್ನು ಅಂಟಿಸಲು ಉದ್ಯಮವು ಒಪ್ಪಿಕೊಂಡಿತು. 1986ರ ಜುಲೈಯಲ್ಲಿ ಅಟಾರ್ನಿ ಜನರಲ್ ಮೀಸನು ನೇಮಿಸಿದ್ದ ಆಯೋಗವು ಅಶ್ಲೀಲ ಸಾಹಿತ್ಯವನ್ನು ಕುರಿತು ತನ್ನ ವರದಿಯನ್ನು ಒಪ್ಪಿಸಿತು. ಕಾಲದ ಗಾಳಿ ಯಾವ ಕಡೆ ಬೀಸುತ್ತಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಡೆಡ್ ಕೆನೆಡೀಸ್ ತಂಡವು 1985ರಲ್ಲಿ ಹೊರತಂದ ‘ಫ್ರಾಂಕನ್‌ಕ್ರೈಸ್ಟ್’ ಎಂಬ ಧ್ವನಿಮುದ್ರಿಕೆಯೊಳಗೆ ಸ್ವಿಟ್ಸರ್ಲೆಂಡಿನ ಚಿತ್ರಕಾರ ಗೀಗರನ ಒಂದು ಚಿತ್ರವನ್ನು ಮಡಿಸಿ ಇರಿಸಿದ್ದರು. ಈ ಗೀಗರನು ‘ಏಲಿಯನ್’ ಚಲನಚಿತ್ರದ ದೃಶ್ಯರಚನೆಗಾಗಿ 1980ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡವನು. ಚಿತ್ರದಲ್ಲಿ ಜನನಾಂಗಗಳು ಯಂತ್ರದ ಬಿಡಿಭಾಗಗಳಂತೆ ಸಾಲುಸಾಲಾಗಿ ಜೋಡಣೆಗೊಂಡಿದ್ದವು. ಒಬ್ಬರನ್ನೊಬ್ಬರು ಬಳಸಿಕೊಂಡು ಎಸೆಯುವ ಸಮಾಜದ ರೂಪಕವಿದು ಎಂಬುದು ಬಿಯಾಫ್ರನ ವಾದ. ಲಾಸ್ ಏಂಜಲೀಸ್ ಪ್ರಾಂತದಲ್ಲಿ ಒಬ್ಬ ಹುಡುಗಿಯು ತನ್ನ ತಮ್ಮನಿಗೆ ಉಡುಗೊರೆಯಾಗಿ ಈ ತಟ್ಟೆಯನ್ನು ಕೊಂಡಳು. ಒಳಗಿನ ಚಿತ್ರವನ್ನು ಕಂಡ ತಾಯಿಯು ದೂರು ಕೊಟ್ಟಳು. ತಾಯಿಯ ಕಳವಳವನ್ನು ಯಾರೂ ಹಗುರವಾಗಿ ನೋಡಲಾಗದು. ಪ್ರಶ್ನೆಯಿದ್ದುದು ಆ ಕಳವಳಕ್ಕೆ ತಕ್ಕ ಪರಿಹಾರವು ಯಾವುದೆಂಬುದರಲ್ಲಿ. 1986ರ ಏಪ್ರಿಲ್ 15ರಂದು ಪೋಲೀಸರು ಸಾನ್ ಫ್ರಾನ್ಸಿಸ್ಕೋದಲ್ಲಿದ್ದ ಬಿಯಾಫ್ರನ ಮನೆಯನ್ನು ಶೋಧಿಸಿದರು. ಅಪ್ರಾಪ್ತ ವಯಸ್ಕರಿಗೆ ಹಾನಿಕರವಾದ ವಸ್ತುವನ್ನು ಹಂಚಿದ ಅಪರಾಧವನ್ನು ಜೂನ್ ತಿಂಗಳಲ್ಲಿ ಆತನ ಮೇಲೆಯೂ ಪ್ರಕಾಶನ, ವಿತರಣೆ, ತಯಾರಿಕೆಗಳಿಗೆ ಸಂಬಂಧಿಸಿದ ಇತರ ನಾಲ್ವರ ಮೇಲೆಯೂ ಹೊರಿಸಲಾಯಿತು. ಹೆಚ್ಚಿನ ಪಕ್ಷಕ್ಕೆ ಒಂದು ವರ್ಷದ ಸೆರೆಮನೆ ಮತ್ತು ಎರಡು ಸಾವಿರ ಡಾಲರು ಜುಲ್ಮಾನೆ ಆಗಬಹುದಾಗಿತ್ತು.

ಆರೋಪದ ಕಾನೂನು ಸ್ವರೂಪವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಮೆರಿಕದ ಸುಪ್ರೀಂ ಕೋರ್ಟು 1968ರಲ್ಲಿ ಗಿನ್ಸ್‌ಬರ್ಗ್ ಮೊಕದ್ದಮೆಯಲ್ಲಿ, ವಯಸ್ಕರ ಮಟ್ಟಿಗೆ ಅಶ್ಲೀಲವಲ್ಲದ ವಸ್ತುವನ್ನೂ ಮಕ್ಕಳಿಗೆ ಮಾರದಂತೆ ಸಂಸ್ಥಾನಗಳು ತಡೆಯಬಹುದೆಂದು ತೀರ್ಮಾನಿಸಿತ್ತು. 1973ರಲ್ಲಿ ಮಿಲ್ಲರ್ ಮೊಕದ್ದಮೆಯಲ್ಲಿ, ಅಶ್ಲೀಲತೆಯನ್ನು ನಿರ್ಣಯಿಸುವಾಗ ಕೃತಿಯನ್ನು ಸಮಗ್ರವಾಗಿ ನೋಡಬೇಕೆಂದೂ ಅದಕ್ಕೆ ಗಣನೀಯವಾದ ಸಾಹಿತ್ಯಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯವಿದೆಯೇ ಎಂದು ವಿಚಾರಿಸಬೇಕೆಂದೂ ವಿಧಿಸಿತ್ತು. ಆದುದರಿಂದ ‘ಸಮಗ್ರ ಕೃತಿ’ ಎಂದರೆ ಚಿತ್ರವೊಂದೇ ಅಥವಾ ಹಾಡುಗಳೊಡನೆ ಕೂಡಿದ ಚಿತ್ರವೇ ಎಂಬುದು ವಾದದ ಮರ್ಮವಾಯಿತು. ಹಾಡುಗಳೊಡನೆ ಓದಿದರೆ ಚಿತ್ರಕ್ಕೆ ರಾಜಕೀಯ ಅರ್ಥವುಂಟು. ಬೇರೆಯಾಗಿ ನೋಡಿದರೆ ಕಣ್ಣಿಗೆ ಹೊಡೆಯುವುದು ಅಂಗಗಳು ಮಾತ್ರ.

1987ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ವಿಚಾರಣೆ ನಡೆಯುವ ಹೊತ್ತಿಗೆ ಬಿಯಾಫ್ರ ಮತ್ತು ಪ್ರಕಾಶನದ ಮಾಜಿ ವ್ಯವಸ್ಥಾಪಕ ಮೈಕೆಲ್ ಬೊನಾನೋ ಇಬ್ಬರೇ ಆರೋಪಿಗಳಾಗಿ ಉಳಿದಿದ್ದರು. ಸರ್ಕಾರದ ಪರವಾಗಿ ಮೈಕೆಲ್ ಗ್ವಾರಿನೋ, ಆರೋಪಿಗಳ ಪರವಾಗಿ ಫಿಲಿಪ್ ಷ್ನಾಯರ್ಸನ್ ವಾದಿಸಿದರು. ಜ್ಯೂರಿಯವರಲ್ಲಿ ಏಳು ಮಂದಿ ಬಿಡುಗಡೆಯ ಪರ, ಐದು ಮಂದಿ ಶಿಕ್ಷೆಯ ಪರ ನಿಂತು ಒಮ್ಮತ ಸಾಧ್ಯವಾಗಲಿಲ್ಲ. ಮರುವಿಚಾರಣೆಯ ಕೋರಿಕೆಯನ್ನು ನ್ಯಾಯಾಧೀಶೆ ಸೂಸನ್ ಐಸಕಾಫ್ ಒಪ್ಪದೆ ಮೊಕದ್ದಮೆಯನ್ನು ವಜಾಮಾಡಿದಳು.

ಇದನ್ನು ವಾಕ್‌ಸ್ವಾತಂತ್ರ್ಯದ ವಿಜಯವೆಂದು ಬಣ್ಣಿಸುವುದು ರೂಢಿ. ವಾಸ್ತವವಾಗಿ ಆರೋಪಿಯು ನಿರ್ದೋಷಿಯೆಂಬ ತೀರ್ಪು ಬರಲೇ ಇಲ್ಲ. ಬಂದದ್ದು ಭಿನ್ನಾಭಿಪ್ರಾಯ ಮತ್ತು ವಜಾ. ಕಾನೂನಿನ ತತ್ತ್ವವು ಈ ಮೊಕದ್ದಮೆಯಿಂದ ಒಂದು ಅಂಗುಲವೂ ಕದಲಲಿಲ್ಲ. ಇದಾದ ಮೂರು ವರ್ಷಗಳಿಗೆ, 1990ರಲ್ಲಿ, ಫ್ಲಾರಿಡದ ನ್ಯಾಯಾಧೀಶನೊಬ್ಬನು ‘ಟೂ ಲೈವ್ ಕ್ರೂ’ ತಂಡದ ಧ್ವನಿಮುದ್ರಿಕೆಯನ್ನು ಅಶ್ಲೀಲವೆಂದು ಸಾರಿದನು. ಆ ತೀರ್ಪು 1992ರಲ್ಲಿ ಮೇಲಣ ನ್ಯಾಯಾಲಯದಲ್ಲಿ ರದ್ದಾಯಿತು. ಶಿಕ್ಷೆಯಾಗದಿದ್ದರೂ ವಿಚಾರಣೆಯೇ ಶಿಕ್ಷೆಯಾಗಬಲ್ಲುದೆಂಬುದನ್ನು ಬಿಯಾಫ್ರನ ಪ್ರಸಂಗ ತೋರಿಸುತ್ತದೆ. ಒಂದು ವರ್ಷಕ್ಕೂ ಮೀರಿದ ಕಾಲ, ಚಂದಾ ಎತ್ತಿ ಕೂಡಿಸಿದ ಹಣ, ಸಣ್ಣ ಪ್ರಕಾಶನವೊಂದರ ಬಲ ಇವೆಲ್ಲ ಅದರಲ್ಲಿ ವೆಚ್ಚವಾದವು.

ಇಲ್ಲಿಯೇ ಕಾಲಗಣನೆಯ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೊಕದ್ದಮೆಯು ತಂಡವನ್ನು ಒಡೆಯಿತೆಂದು ಜನಪ್ರಿಯ ವೃತ್ತಾಂತಗಳು ಹೇಳುವುದುಂಟು. ಆದರೆ ತಂಡದ ಕೊನೆಯ ಪ್ರದರ್ಶನವು ನಡೆದದ್ದು 1986ರ ಫೆಬ್ರವರಿಯಲ್ಲಿ. ಪೋಲೀಸರು ಮನೆಯನ್ನು ಶೋಧಿಸಿದ್ದು ಏಪ್ರಿಲ್ಲಿನಲ್ಲಿ. ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕೆಂಬ ಸಾಮಾನ್ಯ ನಿಯಮವನ್ನು ನೆನೆದರೆ ಸಾಕು, ಬಿರುಕು ಮೊದಲೇ ಇದ್ದಿತೆಂಬುದು ತಿಳಿಯುತ್ತದೆ. ಮೊಕದ್ದಮೆಯು ಅದನ್ನು ಮುಚ್ಚಲಾರದಂತೆ ಮಾಡಿರಬಹುದು, ಅಷ್ಟೆ.

೫

ವಾದ್ಯಗಳು ಮೌನವಾದ ಮೇಲೆ ಉಳಿದದ್ದು ಕಂಠ. 1987ರಲ್ಲಿ ಬಿಯಾಫ್ರನ ಮೊದಲನೆಯ ಭಾಷಣಸಂಗ್ರಹವೂ, 1989ರಲ್ಲಿ ವಿಚಾರಣೆಯ ಕಥೆಯನ್ನೇ ಮುಖ್ಯವಾಗಿ ಹೇಳುವ ಎರಡನೆಯ ಸಂಗ್ರಹವೂ ತಟ್ಟೆಗಳಾಗಿ ಹೊರಬಂದವು. ಕಾಲೇಜುಗಳ ಸಭಾಂಗಣಗಳಲ್ಲಿ ಗಂಟೆಗಟ್ಟಲೆ ನಿಂತು, ಪತ್ರಿಕೆಯ ತುಣುಕುಗಳನ್ನು ಕೈಯಲ್ಲಿ ಹಿಡಿದು, ಅನುಕರಣೆ ಮಾಡುತ್ತ, ವ್ಯಂಗ್ಯವಾಡುತ್ತ ಮಾತನಾಡುವುದು ಆತನ ರೀತಿ. 1990ರಲ್ಲಿ ಓಪ್ರಾ ವಿನ್‌ಫ್ರೀಯ ದೂರದರ್ಶನ ಕಾರ್ಯಕ್ರಮದಲ್ಲಿ ಟಿಪ್ಪರ್ ಗೋರಳಿಗೆ ಎದುರಾಗಿ ಕುಳಿತು ವಾದಿಸಿದನು. 1999ರ ಕೊನೆಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮ್ಮೇಳನದ ವಿರುದ್ಧ ಸಿಯಾಟಲ್ ನಗರದಲ್ಲಿ ಪ್ರತಿಭಟನೆ ನಡೆದಾಗ ಕ್ರಿಸ್ಟ್ ನೊವಾಸೆಲಿಕ್, ಕಿಮ್ ಥಾಯಿಲ್ ಮೊದಲಾದವರೊಡನೆ ಅಲ್ಲಿ ಹಾಡಿದನು. ಮಾತೂ ಹಾಡೂ ಬೆರೆತ ಆ ಪ್ರದರ್ಶನವು ಮರುವರ್ಷ ಮುದ್ರಿಕೆಯಾಗಿ ಬಂದಿತು. 2000ದಲ್ಲಿ ಹಸಿರು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿತ್ವಕ್ಕೆ ಸ್ಪರ್ಧಿಸಿ ರಾಲ್ಫ್ ನಾಡರನಿಗೆ ಸೋತನು.

ಮೂರನೆಯ ವೃತ್ತಿಯು ಇವೆರಡರಿಂದ ಹೊರಟದ್ದು. ತಮ್ಮ ಒಂದು ತಟ್ಟೆಗಾಗಿ ಹುಟ್ಟಿದ ಆಲ್ಟರ್ನೇಟಿವ್ ಟೆಂಟಕಲ್ಸ್ ಕ್ರಮೇಣ ಇತರರ ಭಾಷಣಗಳನ್ನೂ ಪ್ರಕಟಿಸತೊಡಗಿತು. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ, ಇತಿಹಾಸಕಾರ ಹವರ್ಡ್ ಜಿನ್, ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ ಆಂಜೆಲಾ ಡೇವಿಸ್, ಸೆರೆಯಲ್ಲಿದ್ದ ಪತ್ರಿಕೋದ್ಯೋಗಿ ಮುಮಿಯಾ ಅಬು-ಜಮಾಲ್ ಇವರ ಮಾತುಗಳು ಪಂಕ್ ಹಾಡುಗಳು ಬರುತ್ತಿದ್ದ ಪ್ರಕಾಶನದಿಂದಲೇ ಬಂದವು. ಸಾಕ್ಷ್ಯಚಿತ್ರವನ್ನು ನಿರ್ಮಿಸುವವನು ಕಣ್ಣಿಗೆ ಮಾಡುವ ಕೆಲಸವನ್ನು ಈತ ಕಿವಿಗೆ ಮಾಡಿದನೆಂದು ಹೇಳಬಹುದು. ಇಪ್ಪತ್ತು ವರ್ಷದ ತರುಣನೊಬ್ಬನು ಹಾಡಿನ ಅಂಗಡಿಯಲ್ಲಿ ಇತಿಹಾಸದ ಉಪನ್ಯಾಸವನ್ನು ಕೊಂಡು ಕೇಳುವಂತಾದದ್ದು, ಅಧ್ಯಾಪಕವೃತ್ತಿಯಲ್ಲಿರುವ ನಾವು ಆಲೋಚಿಸತಕ್ಕ ಸಂಗತಿ.

೬

ಇಷ್ಟಕ್ಕೇ ಲೇಖನವನ್ನು ಮುಗಿಸಿದರೆ ಅದು ಸ್ತುತಿಪಾಠವಾದೀತು. 1998ರಲ್ಲಿ ಹಳೆಯ ತಂಡದ ಉಳಿದ ಸದಸ್ಯರು ಬಿಯಾಫ್ರನ ಮೇಲೆ ದಾವೆ ಹೂಡಿದರು. ತಮಗೆ ಸಲ್ಲಬೇಕಾದ ಗೌರವಧನವನ್ನು ಪ್ರಕಾಶನವು ಸರಿಯಾಗಿ ಸಲ್ಲಿಸಲಿಲ್ಲವೆಂಬುದು ಅವರ ದೂರು. ತಂಡದ ಪ್ರಸಿದ್ಧ ಹಾಡೊಂದನ್ನು ಉಡುಪಿನ ಜಾಹೀರಾತಿಗೆ ಕೊಡಲು ತಾನು ಒಪ್ಪದಿದ್ದುದೇ ಜಗಳದ ಮೂಲವೆಂಬುದು ಬಿಯಾಫ್ರನ ಸಮಾಧಾನ. ಅದನ್ನು ಅವರು ಅಲ್ಲಗಳೆದರು. 2000ದಲ್ಲಿ ಜ್ಯೂರಿಯು ಸದಸ್ಯರ ಪರವಾಗಿ ತೀರ್ಪಿತ್ತಿತು. 2003ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ದೊಡ್ಡ ಸಂಸ್ಥೆಗಳ ಲೆಕ್ಕಪತ್ರವನ್ನು ವೇದಿಕೆಯಿಂದ ಪ್ರಶ್ನಿಸಿದವನು ತನ್ನ ಲೆಕ್ಕಪತ್ರಕ್ಕಾಗಿ ತನ್ನ ಜೊತೆಯವರಿಗೆ ಉತ್ತರ ಹೇಳಬೇಕಾಯಿತು.

ಈ ಎರಡು ಮೊಕದ್ದಮೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಾವು ಪ್ರಾರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರದ ದಾರಿ ಕಾಣುತ್ತದೆ. ಮೊದಲನೆಯ ಮೊಕದ್ದಮೆಯ ವೃತ್ತಾಂತವನ್ನು ಲೋಕವು ಬಹುಮಟ್ಟಿಗೆ ಆರೋಪಿಯ ಬಾಯಿಂದಲೇ ಕೇಳಿದೆ. ಆತನು ಚತುರನಾದ ಕಥನಕಾರ; ಅವನ ಧ್ವನಿಯಲ್ಲಿ ನಗುವಿದೆ, ಕೋಪವಿದೆ, ಕೇಳುಗರ ಚಪ್ಪಾಳೆಯೂ ತಟ್ಟೆಯಲ್ಲಿಯೇ ಮುದ್ರಿತವಾಗಿದೆ. ಇಂತಹ ಆಧಾರವು ನಮ್ಮನ್ನು ಬಹುಬೇಗ ಒಲಿಸಿಕೊಳ್ಳುತ್ತದೆ. ಪ್ರಶಸ್ತಿಶಾಸನವನ್ನು ಬರೆಸಿದ ರಾಜನ ಮಾತನ್ನು ನಾವು ಎಷ್ಟು ಎಚ್ಚರದಿಂದ ಓದುತ್ತೇವೆಯೋ ಅಷ್ಟೇ ಎಚ್ಚರದಿಂದ ಇದನ್ನೂ ಕೇಳಬೇಕು. ಎರಡನೆಯ ಮೊಕದ್ದಮೆಯಲ್ಲಿ ಆತನ ಕಥನಕ್ಕೆ ಎದುರಾಗಿ ಬೇರೊಂದು ಕಥನವಿದ್ದಿತು, ಜ್ಯೂರಿಯು ಅದನ್ನು ನಂಬಿತು ಎಂಬುದೇ ಈ ಎಚ್ಚರಕ್ಕೆ ಸಾಕಾದ ಕಾರಣ.

ಹಾಗೆಂದು ಇಂತಹ ಸಾಕ್ಷ್ಯವನ್ನು ತಳ್ಳಿಹಾಕುವುದೂ ತಪ್ಪು. ಅದನ್ನು ಒರೆಗೆ ಹಚ್ಚುವ ಮಾರ್ಗ ಹಳೆಯದೇ: ಪ್ರತಿಪಕ್ಷದ ಸಾಕ್ಷಿಯನ್ನು ಹುಡುಕುವುದು. ಮೊದಲನೆಯ ಮೊಕದ್ದಮೆಯಲ್ಲಿ ಅಂತಹ ಸಾಕ್ಷಿಯು ಅನಿರೀಕ್ಷಿತವಾಗಿ ದೊರೆಯಿತು. ವಿಚಾರಣೆಯಾಗಿ ಬಹುವರ್ಷಗಳ ಮೇಲೆ, ಸರ್ಕಾರದ ಪರ ವಾದಿಸಿದ್ದ ಗ್ವಾರಿನೋ ಅಮೆರಿಕದ ಆಕಾಶವಾಣಿಯ ಕಾರ್ಯಕ್ರಮವೊಂದರಲ್ಲಿ ಮಾತನಾಡಿ, ತಾನು ಆ ಮೊಕದ್ದಮೆಯನ್ನು ನಡೆಸಿದ್ದು ತಪ್ಪೆಂದು ಒಪ್ಪಿಕೊಂಡನು. ತನ್ನ ಅಭಿಮಾನಕ್ಕೆ ಹಾನಿಯಾಗುವ ಮಾತನ್ನು ಒಬ್ಬನು ತಾನಾಗಿ ಆಡಿದಾಗ ಅದರ ತೂಕ ಹೆಚ್ಚು. ಬಿಯಾಫ್ರನ ಹತ್ತು ಭಾಷಣಗಳು ಸ್ಥಾಪಿಸಲಾರದುದನ್ನು ಆತನ ಎದುರಾಳಿಯ ಈ ಒಂದು ಒಪ್ಪಿಗೆ ಸ್ಥಾಪಿಸುತ್ತದೆ.

ಗಮನಿಸಬೇಕಾದುದೇನೆಂದರೆ, ಈ ಒಪ್ಪಿಗೆಯೂ ನಮಗೆ ತಲುಪಿದ್ದು ಮುದ್ರಿತವಾದ ಧ್ವನಿಯ ಮೂಲಕವೇ. ಕಡತದಲ್ಲಿ ಉಳಿದಿರುವುದು ಏಳು ಮತ್ತು ಐದು ಎಂಬ ಎರಡು ಅಂಕಿಗಳು ಮತ್ತು ‘ವಜಾ’ ಎಂಬ ಒಂದು ಪದ. ಒಬ್ಬ ಅಧಿಕಾರಿಯ ಮನಸ್ಸು ಕಾಲಕ್ರಮದಲ್ಲಿ ಬದಲಾದದ್ದನ್ನು ಯಾವ ಕಡತವೂ ದಾಖಲಿಸಿಲ್ಲ. ನಾಳೆಯ ಇತಿಹಾಸವನ್ನು ಬರೆಯಲಿರುವ ನಮ್ಮ ವಿದ್ಯಾರ್ಥಿಗಳು ಕಡತವನ್ನು ಓದುವಷ್ಟೇ ಶ್ರದ್ಧೆಯಿಂದ ಧ್ವನಿಯನ್ನು ಕೇಳುವುದನ್ನೂ, ಕೇಳುವಷ್ಟೇ ಶ್ರದ್ಧೆಯಿಂದ ಸಂಶಯಿಸುವುದನ್ನೂ ಕಲಿಯಬೇಕಾಗಿದೆ. ಅದನ್ನು ಕಲಿಸುವ ಹೊಣೆ ನಮ್ಮದು.